ಕರಣೆ ಕೈಗೆ ಬರುವುದು ಯಾವಾಗ?

ಕಟ್ಟಡ ಕಸುಬುಗಳನ್ನು ಕಲಿಯಬಯಸುವವರಿಗೆ ಬಾಗಿಲು ಎಲ್ಲಿದೆ?

ಬೆಳಗಿನ ಏಳು ಗಂಟೆಯ ಹೊತ್ತಿಗೆ ರಾಜ್ಯದ ಯಾವ ಪಟ್ಟಣದಲ್ಲಾದರೂ ಒಂದೆರಡು ಸರ್ಕಲ್‌ಗಳಲ್ಲಿ ಕೂಲಿಗಾಗಿ ಕಾದು ನಿಂತ ಜನರ ಗುಂಪು ಕಾಣುತ್ತದೆ. ಕೈಯಲ್ಲಿ ಊಟದ ಡಬ್ಬಿ, ಹೆಗಲಿಗೊಂದು ಚೀಲ. ಇವರಲ್ಲಿ ಗಾರೆ ಕೆಲಸದವರು ಯಾರು, ಹೆಲ್ಪರ್‌ಗಳು ಯಾರು ಎಂದು ಕೇಳಬೇಕಾಗಿಲ್ಲ. ಚೀಲದ ಬಾಯಿಯಿಂದ ಕರಣೆಯ ಹಿಡಿ ಇಣುಕುತ್ತಿದ್ದರೆ ಆತ ಗಾರೆಯವನು. ಬರಿಗೈಯಲ್ಲಿ ಬಂದವರು ಹೆಲ್ಪರ್‌ಗಳು. ಮೇಸ್ತ್ರಿಯ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರು ಇನ್ನೂ ಚಿಕ್ಕದು: ಗಂಡಾಳು, ಹೆಣ್ಣಾಳು.

ಇಬ್ಬರೂ ಒಂದೇ ಗೋಡೆಗೆ ದುಡಿಯುತ್ತಾರೆ. ಬಿಸಿಲು ಒಂದೇ, ಧೂಳು ಒಂದೇ. ಆದರೆ ಸಂಜೆ ಕೈಗೆ ಬರುವ ಹಣ ಒಂದೇ ಅಲ್ಲ. ಸರ್ಕಾರದ ಕನಿಷ್ಠ ವೇತನದ ಪಟ್ಟಿಯೂ ಕುಶಲ, ಅರೆಕುಶಲ, ಅಕುಶಲ ಎಂದು ಕೆಲಸಗಾರರನ್ನು ವಿಂಗಡಿಸುತ್ತದೆ. ಅಕುಶಲ ಎಂಬ ಸಾಲಿನಿಂದ ಕುಶಲ ಎಂಬ ಸಾಲಿಗೆ ದಾಟುವ ದಾರಿ ಯಾವುದು? ಡಾಕ್ಟರಾಗಲು, ಮೇಷ್ಟ್ರಾಗಲು ಏನು ಮಾಡಬೇಕೆಂದು ಹಳ್ಳಿಯ ಹುಡುಗನೂ ಹೇಳಬಲ್ಲ. ಗಾರೆಯವನೋ ಪ್ಲಂಬರೋ ಬಡಗಿಯೋ ಆಗಲು ಯಾರನ್ನು ಕೇಳಬೇಕು, ಎಲ್ಲಿ ಹೆಸರು ಬರೆಸಬೇಕು ಎಂದರೆ ಓದಿದವರೂ ತಡವರಿಸುತ್ತಾರೆ. ಕೃಷಿಯನ್ನು ಬಿಟ್ಟರೆ ದೇಶದಲ್ಲಿ ಅತಿ ಹೆಚ್ಚು ಜನರಿಗೆ ಕೆಲಸ ಕೊಡುವ ಕ್ಷೇತ್ರಗಳಲ್ಲಿ ಕಟ್ಟಡ ನಿರ್ಮಾಣವೂ ಒಂದು. ಅದರ ಪ್ರವೇಶದ್ವಾರವೇ ಕಣ್ಣಿಗೆ ಬೀಳದಂತಿರುವುದು ವಿಚಿತ್ರ.

ನೋಡಿ ಕಲಿಯುವ ವಿದ್ಯೆ

ಗಾರೆ ಕೆಲಸ ಹೊರಗಿನಿಂದ ನೋಡಲು ಸರಳ. ಇಟ್ಟಿಗೆಯ ಮೇಲೆ ಮಾಲು, ಮಾಲಿನ ಮೇಲೆ ಇಟ್ಟಿಗೆ. ಕೈ ಹಾಕಿದವನಿಗೆ ಮಾತ್ರ ಅದರ ಸೂಕ್ಷ್ಮ ಗೊತ್ತು. ಇಟ್ಟಿಗೆಯನ್ನು ಮೊದಲೇ ನೀರಿನಲ್ಲಿ ನೆನೆಸಬೇಕು; ಇಲ್ಲವಾದರೆ ಅದು ಮಾಲಿನ ನೀರನ್ನೆಲ್ಲ ಹೀರಿ ಸಿಮೆಂಟು ಗಟ್ಟಿಯಾಗಲು ಬಿಡುವುದಿಲ್ಲ. ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಸಂದು ಬರಬಾರದು. ಬಂದರೆ ಬಿರುಕಿಗೆ ದಾರಿ ಮಾಡಿಕೊಟ್ಟಂತೆ. ಗೋಡೆ ನೆಟ್ಟಗಿದೆಯೇ ಎಂದು ತೂಕದ ಗುಂಡು ಹೇಳುತ್ತದೆ, ಸಮತಟ್ಟಾಗಿದೆಯೇ ಎಂದು ರಸಮಟ್ಟ ಹೇಳುತ್ತದೆ. ಕಟ್ಟಿದ ಗೋಡೆಗೆ ದಿನಗಟ್ಟಲೆ ನೀರುಣಿಸಬೇಕು. ಇವನ್ನು ಬಾಯಿಪಾಠ ಮಾಡಲು ಒಂದು ದಿನ ಸಾಕು, ಕೈಗೆ ಹತ್ತಿಸಿಕೊಳ್ಳಲು ವರ್ಷಗಳೇ ಬೇಕು.

ಕೆಲಸದ ಜಾಗದಲ್ಲಿ ಈ ಕಲಿಕೆಗೆ ಒಂದು ಕ್ರಮವಿದೆ. ಅದನ್ನು ಯಾರೂ ಬರೆದಿಟ್ಟಿಲ್ಲ. ಹೊಸಬ ಮೊದಲು ಮರಳು ಜರಡಿ ಹಿಡಿಯುತ್ತಾನೆ, ಮಾಲು ಕಲಸುತ್ತಾನೆ, ಬಾಂಡ್ಲಿ ಹೊರುತ್ತಾನೆ. ಒಂದಕ್ಕೆ ಆರು ಎಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಎಂಬ ಲೆಕ್ಕ ಇಲ್ಲಿಯೇ ತಿಳಿಯುತ್ತದೆ. ಆಮೇಲೆ ಮಣ್ಣಿನಲ್ಲಿ ಮುಚ್ಚಿಹೋಗುವ ತಳಪಾಯದಲ್ಲಿ ಒಂದೆರಡು ಕಲ್ಲು ಕೂರಿಸಲು ಬಿಡುತ್ತಾರೆ. ಅಲ್ಲಿ ಕೈ ಕುದುರಿದರೆ ಗೋಡೆಯ ನಡುಭಾಗ. ಎರಡು ಮೂಲೆಗಳನ್ನು ಅನುಭವಿಗಳು ಮೊದಲು ಎಬ್ಬಿಸಿ, ನಡುವೆ ನೂಲು ಕಟ್ಟಿಕೊಡುತ್ತಾರೆ. ಕಲಿಯುವವನು ಆ ನೂಲಿನ ಗುಂಟ ಇಟ್ಟಿಗೆ ಇಡುತ್ತಾ ಹೋಗುತ್ತಾನೆ. ಮೂಲೆ ತಪ್ಪಿದರೆ ಗೋಡೆಯೇ ತಪ್ಪಿದಂತೆ. ಆದ್ದರಿಂದ ಮೂಲೆ ಎಬ್ಬಿಸಲು ಸಿಕ್ಕ ದಿನ ಅವನು ಗಾರೆಯವನಾದ ಎಂದು ಲೆಕ್ಕ.

ಇದು ಒಳ್ಳೆಯ ಪಾಠಕ್ರಮವೇ. ಆದರೆ ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ಯಾರನ್ನು ಹತ್ತಿಸಬೇಕೆಂದು ತೀರ್ಮಾನಿಸುವವನು ಮೇಸ್ತ್ರಿ ಒಬ್ಬನೇ. ಆತ ತನ್ನ ತಮ್ಮನನ್ನೋ ಅಕ್ಕನ ಮಗನನ್ನೋ ತನ್ನೂರಿನವನನ್ನೋ ಹತ್ತಿಸುತ್ತಾನೆ. ಅದು ಸ್ವಾಭಾವಿಕವೂ ಹೌದು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಯಾರ ಕರಣೆಯನ್ನು ಯಾರು ಎತ್ತಿಕೊಂಡು ಕೈ ಪಳಗಿಸಿಕೊಳ್ಳಬಹುದು ಎಂಬುದನ್ನು ಸಂಬಂಧವೇ ನಿರ್ಧರಿಸುತ್ತದೆ. ಸಂಬಂಧವಿಲ್ಲದೆ ಬಂದವನು ಹತ್ತು ವರ್ಷ ಬಾಂಡ್ಲಿ ಹೊತ್ತರೂ ಬಾಂಡ್ಲಿಯ ಹತ್ತಿರವೇ ಉಳಿಯಬಹುದು.

ಓಜರ ಕಾಲದಿಂದ

ಕಟ್ಟುವ ವಿದ್ಯೆ ಮನೆಯೊಳಗೇ ಉಳಿಯುವುದು ಇಂದು ನಿನ್ನೆಯ ಸಂಗತಿಯಲ್ಲ. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಗಳ ಕೆಳಗೆ ರೂವಾರಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರ ಹೆಸರೂ ಅಲ್ಲಿವೆ. ತಂದೆಯ ವಿದ್ಯೆ ಮಗನಿಗೆ ಬಂದದ್ದಕ್ಕೆ ಕಲ್ಲೇ ಸಾಕ್ಷಿ. ದಾಸೋಜನ ಹೆಸರಿನ ಕೊನೆಯಲ್ಲಿರುವ ‘ಓಜ’ ಎಂಬ ಮಾತಿಗೆ ಹಳಗನ್ನಡದಲ್ಲಿ ಗುರು ಎಂದೇ ಅರ್ಥ. ಉಪಾಧ್ಯಾಯ ಎಂಬ ಸಂಸ್ಕೃತ ಪದ ಸವೆದು ಬಂದ ರೂಪ ಅದು. ಕಸುಬುದಾರನ ಹೆಸರಿನಲ್ಲಿಯೇ ಮೇಷ್ಟ್ರು ಇದ್ದಾನೆ. ಆದರೆ ಅವನ ಶಾಲೆಗೆ ಸೇರಲು ಆ ಕುಲದಲ್ಲಿ ಹುಟ್ಟಬೇಕಾಗಿತ್ತು.

ಯೂರೋಪಿನಲ್ಲಿ ಕಸುಬಿನ ಸಂಘಗಳು ಬೇರೆಯವರ ಮಕ್ಕಳಿಗೂ ಬಾಗಿಲು ತೆರೆದವು, ಕರಾರಿನ ಮೂಲಕ. ಹುಡುಗನನ್ನು ಒಬ್ಬ ಒಡೆಯನ ಮನೆಗೆ ಒಪ್ಪಿಸುವುದು. ಒಡೆಯ ಊಟ, ವಸತಿ ಕೊಟ್ಟು ವಿದ್ಯೆ ಕಲಿಸುವುದು. ಹುಡುಗ ಅವಧಿ ಮುಗಿಯುವವರೆಗೆ ದುಡಿಯುವುದು. ಇಂಗ್ಲೆಂಡಿನಲ್ಲಿ 1563ರ ಕಾಯ್ದೆಯೊಂದು ಈ ಅವಧಿಯನ್ನು ಏಳು ವರ್ಷ ಎಂದು ಗೊತ್ತುಪಡಿಸಿತು. ಏಳು ವರ್ಷ ಕಲಿಯದವನು ಆ ಕಸುಬು ಮಾಡುವಂತಿರಲಿಲ್ಲ. 1814ರಲ್ಲಿ ಈ ಕಟ್ಟುಪಾಡು ರದ್ದಾಯಿತು. ಕರಾರಿನಲ್ಲಿ ಶೋಷಣೆಗೂ ಬೇಕಾದಷ್ಟು ಅವಕಾಶವಿತ್ತು. ಆದರೂ ಅದರಲ್ಲಿ ಒಂದು ಒಳ್ಳೆಯ ಅಂಶವಿತ್ತು: ಕಲಿಸುವುದು ಒಡೆಯನ ದಯೆಯಾಗಿರದೆ ಬರವಣಿಗೆಯಲ್ಲಿದ್ದ ಕರ್ತವ್ಯವಾಗಿತ್ತು. ಅವಧಿ ಮುಗಿದ ದಿನ ಹುಡುಗ ಕಸುಬುದಾರ ಎಂದು ಊರೇ ಒಪ್ಪಬೇಕಾಗಿತ್ತು.

ಕಾರ್ಖಾನೆಗೆ ಹೊಲಿದ ಅಂಗಿ

ಸ್ವತಂತ್ರ ಭಾರತ ಈ ತತ್ವವನ್ನು 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಅಳವಡಿಸಿಕೊಂಡಿತು. ನಮ್ಮ ಸರ್ಕಾರಿ ಕನ್ನಡ ಅಪ್ರೆಂಟಿಸ್‌ಗೆ ‘ಶಿಶಿಕ್ಷು’ ಎಂಬ ಹೆಸರಿಟ್ಟಿದೆ. ಉಚ್ಚರಿಸಲು ತೊಡಕಾದರೂ ಕಲಿಯಬಯಸುವವನು ಎಂಬ ಅದರ ಅರ್ಥ ಸೊಗಸಾಗಿದೆ. ಕಾಯ್ದೆಯ ಪ್ರಕಾರ ಮಾಲೀಕನಿಗೂ ಶಿಶಿಕ್ಷುವಿಗೂ ಬರೆದ ಕರಾರು ಇರಬೇಕು, ಅದು ನೋಂದಣಿಯಾಗಬೇಕು. ಶಿಶಿಕ್ಷು ಕಾರ್ಮಿಕನಲ್ಲ, ತರಬೇತಿ ಪಡೆಯುವವನು. ಆದರೆ ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕನದೇ. ಪ್ರತಿ ತಿಂಗಳೂ ಸ್ಟೈಪೆಂಡ್ ಕೊಡಬೇಕು. ಕೊನೆಗೆ ಪರೀಕ್ಷೆ, ಪಾಸಾದವರಿಗೆ ದೇಶದಾದ್ಯಂತ ನಡೆಯುವ ಪ್ರಮಾಣಪತ್ರ. ತರಬೇತಿ ಮುಗಿದ ಮೇಲೆ ಅಲ್ಲಿಯೇ ಕೆಲಸ ಕೊಡಬೇಕೆಂಬ ಕಡ್ಡಾಯ ಮಾತ್ರ ಇಲ್ಲ. ಕರಾರಿನಲ್ಲಿ ಹಾಗೆ ಬರೆದಿದ್ದರೆ ಆ ಮಾತು ಬೇರೆ.

ಮೇಸನ್, ಕಾರ್ಪೆಂಟರ್, ಪ್ಲಂಬರ್, ವೈರ್‌ಮನ್ ಮುಂತಾದ ಕಟ್ಟಡ ಕಸುಬುಗಳೂ ಈ ಕಾಯ್ದೆಯ ಪಟ್ಟಿಯಲ್ಲಿವೆ. ಆದರೂ ಅಪ್ರೆಂಟಿಸ್ ಎಂದೊಡನೆ ನಮಗೆ ನೆನಪಾಗುವುದು ರೈಲ್ವೆ ವರ್ಕ್‌ಶಾಪು, ಬಸ್ ಡಿಪೋ, ಬೆಂಗಳೂರಿನ ದೊಡ್ಡ ಸರ್ಕಾರಿ ಕಾರ್ಖಾನೆಗಳು. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಕಾಯ್ದೆಯನ್ನು ಹೊಲಿದದ್ದು ಕಾರ್ಖಾನೆಯ ಅಳತೆಗೆ. ಕಾರ್ಖಾನೆಗೆ ಒಂದು ಗೇಟು, ಒಬ್ಬ ಮಾಲೀಕ, ಹಾಜರಿ ಪುಸ್ತಕ ಇರುತ್ತವೆ. ಅದು ವರ್ಷವಿಡೀ ಒಂದೇ ಜಾಗದಲ್ಲಿರುತ್ತದೆ. ಕಟ್ಟಡದ ಕೆಲಸ ಹಾಗಲ್ಲ. ಬಿಲ್ಡರ್ ಒಬ್ಬ ಕಂಟ್ರಾಕ್ಟರಿಗೆ ಕೊಡುತ್ತಾನೆ, ಅವನು ಸಬ್ ಕಂಟ್ರಾಕ್ಟರಿಗೆ, ಅವನು ಮೇಸ್ತ್ರಿಗೆ. ಕಲಿಸುವ ಶಕ್ತಿ ಇರುವವನು ಸರಪಳಿಯ ತುದಿಯಲ್ಲಿರುವ ಮೇಸ್ತ್ರಿ. ಅವನ ಕೈಕೆಳಗೆ ಎಂಟು ಹತ್ತು ಜನ. ಮೂರು ತಿಂಗಳಿಗೆ ಒಂದು ಸೈಟು ಮುಗಿಯುತ್ತದೆ, ಮುಂದಿನದು ಊರಿನ ಇನ್ನೊಂದು ತುದಿಯಲ್ಲಿ. ಕರಾರು ಬರೆಯಬೇಕಾದವನಿಗೆ ಕಲಿಸುವ ಕೆಲಸವಿಲ್ಲ, ಕಲಿಸುವವನಿಗೆ ಕರಾರು ಬರೆಯುವ ಆಫೀಸಿಲ್ಲ.

2014ರ ತಿದ್ದುಪಡಿ ಕಾಯ್ದೆಯನ್ನು ಸಾಕಷ್ಟು ಸಡಿಲಗೊಳಿಸಿತು. ಪಟ್ಟಿಯಲ್ಲಿಲ್ಲದ ವೃತ್ತಿಗಳಲ್ಲೂ ಶಿಶಿಕ್ಷುಗಳನ್ನು ತೆಗೆದುಕೊಳ್ಳಲು ಅವಕಾಶ ಬಂತು, ಮಾಲೀಕರಿಗಿದ್ದ ಜೈಲಿನ ಭಯ ಹೋಗಿ ದಂಡ ಉಳಿಯಿತು. 2016ರಲ್ಲಿ ಕೇಂದ್ರ ಸರ್ಕಾರ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿಯವರೆಗೆ, ತಾನು ಭರಿಸುವ ಯೋಜನೆ ತಂದಿತು. 2019ರ ನಿಯಮಗಳು 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದನ್ನು ಕಡ್ಡಾಯ ಮಾಡಿದವು. 4 ಜನರಿದ್ದರೂ ಇಷ್ಟವಿದ್ದವರು ತೆಗೆದುಕೊಳ್ಳಬಹುದು. ಕಾಗದದ ಮೇಲೆ ಮೇಸ್ತ್ರಿಯ ಗುಂಪಿಗೂ ಬಾಗಿಲು ತೆರೆದಂತಾಯಿತು.

ಹೊಟ್ಟೆಯ ಲೆಕ್ಕ

ತೆರೆದ ಬಾಗಿಲಿನ ಒಳಗೆ ಬಡವರ ಮನೆಯ ಹುಡುಗ ಏಕೆ ಕಾಲಿಡುವುದಿಲ್ಲ ಎಂಬುದಕ್ಕೆ ಒಂದು ಸಣ್ಣ ಲೆಕ್ಕವಿದೆ. 2019ರ ನಿಯಮಗಳ ಪ್ರಕಾರ ಹತ್ತನೇ ತರಗತಿ ಪಾಸಾದ ಶಿಶಿಕ್ಷುವಿಗೆ ಗೊತ್ತುಪಡಿಸಿದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 6,000 ರೂಪಾಯಿ. ತಿಂಗಳಿಗೆ 26 ದಿನದ ಕೆಲಸ ಎಂದು ಹಿಡಿದರೆ ದಿನಕ್ಕೆ ಸುಮಾರು 230 ರೂಪಾಯಿ. 2024–25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ 349 ರೂಪಾಯಿ ಇತ್ತು. ಅಂದರೆ ಊರಿನ ಕೆರೆಯಲ್ಲಿ ಹೂಳೆತ್ತಿದರೆ ಸಿಗುವ ಕೂಲಿ, ಕಸುಬು ಕಲಿಯುವಾಗ ಸಿಗಬೇಕಾದ ಕನಿಷ್ಠ ಹಣಕ್ಕಿಂತ ದಿನಕ್ಕೆ ನೂರು ರೂಪಾಯಿಗೂ ಹೆಚ್ಚು.

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಬಂದಿಳಿಯುವ ಕುಟುಂಬಕ್ಕೆ ಈ ಲೆಕ್ಕ ಚೆನ್ನಾಗಿ ಗೊತ್ತು. ಊರಿನಲ್ಲಿ ಸಾಲವಿದೆ, ಶೆಡ್ಡಿನಲ್ಲಿ ಒಲೆ ಉರಿಯಬೇಕು. ಒಂದು ವರ್ಷ ಕಡಿಮೆ ಹಣಕ್ಕೆ ಕಲಿತರೆ ಮುಂದೆ ಇಮ್ಮಡಿ ದುಡಿಯಬಹುದು ಎಂಬ ಮಾತು ಅವರಿಗೆ ತಿಳಿಯದ್ದೇನಲ್ಲ. ಆದರೆ ಆ ಒಂದು ವರ್ಷ ಊಟ ಹಾಕುವವರು ಯಾರು? ಅದಕ್ಕೇ ಹುಡುಗ ಮೊದಲ ದಿನವೇ ಹೆಲ್ಪರ್ ಕೂಲಿಗೆ ನಿಲ್ಲುತ್ತಾನೆ. ಕಾನೂನು ಕನಿಷ್ಠವನ್ನು ಮಾತ್ರ ಹೇಳುತ್ತದೆ, ಮಾಲೀಕ ಅದಕ್ಕಿಂತ ಹೆಚ್ಚು ಕೊಡಲು ಅಡ್ಡಿಯಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಹೆಣ್ಣಾಳಿನ ಕೈಗೆ

ಹುಡುಗನ ಕಥೆ ಹೀಗಾದರೆ ಹೆಂಗಸಿನ ಕಥೆ ಇನ್ನೂ ಬೇರೆ. ಹುಡುಗನಿಗೆ ಮೂಲೆ ಎಬ್ಬಿಸುವ ದಿನ ಎಂದಾದರೂ ಬಂದೀತು. ಹದಿನೆಂಟಕ್ಕೆ ಇಟ್ಟಿಗೆ ಹೊರಲು ಬಂದ ಹೆಣ್ಣುಮಗಳು ಐವತ್ತಕ್ಕೂ ಇಟ್ಟಿಗೆಯನ್ನೇ ಹೊರುತ್ತಿರುತ್ತಾಳೆ. ಮಾಲಿನ ಹದ ಅವಳಷ್ಟು ಬಲ್ಲವರಿಲ್ಲ. ಯಾವ ಗೋಡೆಗೆ ಎಷ್ಟು ನೀರು ಬೇಕೆಂದು ಅವಳನ್ನು ಕೇಳಿಯೇ ತಿಳಿಯಬೇಕು. ಆದರೂ ಕರಣೆ ಅವಳ ಕೈಗೆ ಬರುವುದಿಲ್ಲ. ಸಾರುವೆ ಹತ್ತಲಾರಳು ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ತಲೆಯ ಮೇಲೆ ಇಟ್ಟಿಗೆ ಹೊತ್ತು ಅದೇ ಕಟ್ಟಡದ ಮೇಲಂತಸ್ತಿಗೆ ದಿನಕ್ಕೆ ಹತ್ತಾರು ಬಾರಿ ಹತ್ತುವವಳು ಅವಳೇ ಎಂಬುದನ್ನು ಕಂಡರೆ ಆ ಕಾರಣದ ತೂಕ ಎಷ್ಟೆಂದು ತಿಳಿಯುತ್ತದೆ.

ಇದನ್ನು ಸುಳ್ಳು ಮಾಡಿದ ಉದಾಹರಣೆಗಳು ನಮ್ಮ ದೇಶದಲ್ಲಿಯೇ ಇವೆ. 1980ರ ದಶಕದ ಮಧ್ಯದಲ್ಲಿ ಕೇರಳದ ಕೊಲ್ಲಂನಲ್ಲಿ ಆರಂಭವಾದ ನಿರ್ಮಿತಿ ಕೇಂದ್ರ ಕಡಿಮೆ ಖರ್ಚಿನ ಮನೆ ಕಟ್ಟುವ ವಿಧಾನಗಳ ಜೊತೆಗೆ ಹೆಂಗಸರಿಗೆ ಗಾರೆ ಕೆಲಸವನ್ನೂ ಕಲಿಸಿತು. ಅದೇ ಮಾದರಿಯ ನಿರ್ಮಿತಿ ಕೇಂದ್ರಗಳು ಕರ್ನಾಟಕದ ಜಿಲ್ಲೆಗಳಿಗೂ ಬಂದವು. ಅಹಮದಾಬಾದಿನ ‘ಸೇವಾ’ ಸಂಘಟನೆ ಕಟ್ಟಡ ಕಾರ್ಮಿಕ ಮಹಿಳೆಯರಿಗಾಗಿಯೇ ಕಾರ್ಮಿಕಾ ಎಂಬ ಶಾಲೆ ತೆರೆಯಿತು. ಇತ್ತೀಚಿನದು ಜಾರ್ಖಂಡದ ಉದಾಹರಣೆ. ಸ್ವಚ್ಛ ಭಾರತ ಯೋಜನೆಯಲ್ಲಿ ಹಳ್ಳಿ ಹಳ್ಳಿಗೂ ಶೌಚಾಲಯ ಕಟ್ಟಬೇಕಾದಾಗ ಗಾರೆಯವರು ಸಾಲಲಿಲ್ಲ. ಆಗ ಸ್ವಸಹಾಯ ಸಂಘಗಳ ಹೆಂಗಸರಿಗೆ ತರಬೇತಿ ಕೊಟ್ಟು ಕರಣೆ ಕೊಟ್ಟರು. ಹಿಂದಿಯಲ್ಲಿ ಗಾರೆಯವನಿಗೆ ರಾಜ್ ಮಿಸ್ತ್ರಿ ಎನ್ನುತ್ತಾರೆ. ಈ ಹೆಂಗಸರಿಗೆ ರಾಣಿ ಮಿಸ್ತ್ರಿ ಎಂಬ ಹೆಸರು ಬಂತು. ಅಗತ್ಯ ಬಿದ್ದಾಗ ಬಾಗಿಲು ತಾನಾಗಿ ತೆರೆದುಕೊಂಡಿತು. ಹಾಗಾದರೆ ಅಷ್ಟು ಕಾಲ ಅದನ್ನು ಮುಚ್ಚಿಟ್ಟಿದ್ದು ಕೆಲಸದ ಕಷ್ಟವಲ್ಲ, ರೂಢಿ.

ಖರ್ಚು ಯಾರದು?

ಕಲಿಸುವವನಿಗೂ ಒಂದು ದೂರು ಇದೆ, ಅದನ್ನೂ ಕೇಳಬೇಕು. ಕಲಿಯುವವನು ಇಟ್ಟಿಗೆ ಒಡೆಯುತ್ತಾನೆ, ಮಾಲು ಕೆಡಿಸುತ್ತಾನೆ, ಅವನನ್ನು ತಿದ್ದುವುದರಲ್ಲಿ ಅನುಭವಿಯ ಸಮಯವೂ ಹೋಗುತ್ತದೆ. ಇಷ್ಟೆಲ್ಲ ಸಹಿಸಿ ಕಲಿಸಿದ ಮೇಲೆ ಆತ ಐವತ್ತು ರೂಪಾಯಿ ಹೆಚ್ಚು ಕೊಡುವ ಪಕ್ಕದ ಸೈಟಿಗೆ ಹೋಗುತ್ತಾನೆ. ಕಲಿಸಿದವನಿಗೆ ನಷ್ಟ, ಕಲಿಸದವನಿಗೆ ಲಾಭ. ಈ ಸ್ಥಿತಿಯಲ್ಲಿ ಯಾರೂ ಕಲಿಸಲು ಮುಂದೆ ಬರುವುದಿಲ್ಲ.

ಇದೇ ತೊಡಕು ಬೇರೆ ದೇಶಗಳಲ್ಲೂ ಬಂದಿತ್ತು. ಬ್ರಿಟನ್ನಿನಲ್ಲಿ 1964ರಲ್ಲಿ ಕಟ್ಟಡ ಉದ್ಯಮಕ್ಕೆಂದೇ ತರಬೇತಿ ಮಂಡಳಿ ರಚನೆಯಾಯಿತು. ಕಟ್ಟಡ ಕಂಪೆನಿಗಳಿಂದ ಅದು ತೆರಿಗೆಯಂತೆ ಹಣ ಸಂಗ್ರಹಿಸಿ, ಶಿಶಿಕ್ಷುಗಳನ್ನು ತೆಗೆದುಕೊಂಡವರಿಗೆ ಅನುದಾನವಾಗಿ ಕೊಡುತ್ತದೆ. ಜರ್ಮನಿಯಲ್ಲಿಯೂ ಕಟ್ಟಡ ಮಾಲೀಕರೆಲ್ಲ ತಮ್ಮ ಕೂಲಿಯ ಮೊತ್ತದಲ್ಲಿ ಇಂತಿಷ್ಟು ಪಾಲನ್ನು ಒಂದು ನಿಧಿಗೆ ಕಟ್ಟುತ್ತಾರೆ. ಕಲಿಸುವವನಿಗೆ ಖರ್ಚಿನ ಬಹುಭಾಗ ಅಲ್ಲಿಂದ ವಾಪಸು ಬರುತ್ತದೆ. ಸಣ್ಣ ಕಂಟ್ರಾಕ್ಟರ್ ಬಳಿ ಎಲ್ಲ ಬಗೆಯ ಕೆಲಸವೂ ಇರುವುದಿಲ್ಲವಾದ್ದರಿಂದ ಹಲವು ಕಂಪೆನಿಗಳ ಶಿಶಿಕ್ಷುಗಳು ವರ್ಷದಲ್ಲಿ ಹಲವು ವಾರ ಒಂದು ಸಾಮಾನ್ಯ ತರಬೇತಿ ಕೇಂದ್ರದಲ್ಲಿ ಸೇರಿ ಕಲಿಯುತ್ತಾರೆ. ಫ್ರಾನ್ಸಿನಲ್ಲಿ ಊರೂರು ತಿರುಗುವುದನ್ನೇ ಪಾಠ ಮಾಡಿಕೊಂಡಿದ್ದಾರೆ. ‘ಕಂಪನ್ಯೋನಾಜ್’ ಎಂಬ ಅಲ್ಲಿನ ಪರಂಪರೆಯಲ್ಲಿ ಬಡಗಿ, ಕಲ್ಲುಕುಟಿಗ ಮುಂತಾದವರು ವರ್ಷಗಟ್ಟಲೆ ಊರಿಂದೂರಿಗೆ ಹೋಗಿ ಬೇರೆ ಬೇರೆ ಒಡೆಯರ ಬಳಿ ಕಲಿಯುತ್ತಾರೆ. ಯುನೆಸ್ಕೊ 2010ರಲ್ಲಿ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸೈಟು ಬದಲಾಗುತ್ತದೆ ಎಂಬುದು ಕಲಿಕೆಗೆ ಅಡ್ಡಿಯಾಗಲೇಬೇಕಿಲ್ಲ ಎಂದಾಯಿತು.

ಭಾರತದಲ್ಲಿಯೂ ಇಂಥ ನಿಧಿ ಇಲ್ಲದೆ ಇಲ್ಲ. 1996ರ ಎರಡು ಕಾಯ್ದೆಗಳ ಪ್ರಕಾರ ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ಸಂಗ್ರಹಿಸಿ ಕಾರ್ಮಿಕರ ಕಲ್ಯಾಣಕ್ಕೆ ಬಳಸಬೇಕೆಂದಾಯಿತು. ಕರ್ನಾಟಕ ಇದಕ್ಕೆ 2006ರಲ್ಲಿ ನಿಯಮ ರೂಪಿಸಿತು, ಬಳಿಕ ಮಂಡಳಿಯೂ ಬಂತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಆ ಕಾಯ್ದೆಗಳು ವಿಲೀನವಾಗಿದ್ದರೂ ಸೆಸ್‌ನ ತತ್ವ ಮುಂದುವರಿದಿದೆ. ಪಿಂಚಣಿ, ಚಿಕಿತ್ಸೆ, ಮಕ್ಕಳ ಓದಿಗೆ ನೆರವು ಎಂಬ ಉದ್ದೇಶಗಳೆಲ್ಲ ಒಳ್ಳೆಯವೇ. ಆದರೆ ಕಾರ್ಮಿಕರ ಹೆಸರಿನಲ್ಲಿ ಸಂಗ್ರಹವಾದ ಹಣ ಅವರನ್ನು ತಲುಪುತ್ತಿಲ್ಲವೆಂದು 2018ರ ಮಾರ್ಚ್‌ನ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿಯೇ ಹೇಳಿತು. ಕಲಿಯುವ ಒಂದು ವರ್ಷದ ಊಟಕ್ಕೆ, ಕಲಿಸುವ ಮೇಸ್ತ್ರಿಗೊಂದು ಗೌರವಧನಕ್ಕೆ ಈ ನಿಧಿಯ ಒಂದು ಪಾಲು ಮೀಸಲಾದರೆ ಕಲ್ಯಾಣಕ್ಕೆ ಅದಕ್ಕಿಂತ ಒಳ್ಳೆಯ ಅರ್ಥ ಸಿಗಲಾರದು.

ಇಂದಿರುವ ದಾರಿಗಳು

ಅಲ್ಲಿಯವರೆಗೆ ಇರುವ ದಾರಿಗಳನ್ನಾದರೂ ಜನ ತಿಳಿದಿರಬೇಕು. ಮೊದಲನೆಯದು ಐಟಿಐ. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಡಿ ಇಲ್ಲಿ ಮೇಸನ್, ಕಾರ್ಪೆಂಟರ್, ಪ್ಲಂಬರ್ ಕೋರ್ಸುಗಳಿಗೆ ಒಂದು ವರ್ಷ, ಎಲೆಕ್ಟ್ರಿಷಿಯನ್‌ಗೆ ಎರಡು ವರ್ಷ. ಕೆಲವು ಕೋರ್ಸುಗಳಿಗೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ಎಸ್ಸೆಸ್ಸೆಲ್ಸಿ ಫೇಲಾದವರು ಎದೆಗುಂದಬೇಕಾಗಿಲ್ಲ. ಐಟಿಐ ಮುಗಿಸಿದವರು ಆಮೇಲೆ ಶಿಶಿಕ್ಷುಗಳಾಗಬಹುದು.

ಎರಡನೆಯದು ನೇರ ಶಿಶಿಕ್ಷು ತರಬೇತಿ. ಕೇಂದ್ರ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲು ಆಧಾರ್, ಅಂಕಪಟ್ಟಿ, ಬ್ಯಾಂಕ್ ಖಾತೆ ಬೇಕು. ಕನಿಷ್ಠ ವಯಸ್ಸು 14, ಅಪಾಯದ ಕೆಲಸಗಳಿಗೆ 18. ಹತ್ತಿರದ ಸರ್ಕಾರಿ ಐಟಿಐಯಲ್ಲಿ ವಿಚಾರಿಸಿದರೆ ಮಾಹಿತಿ ಸಿಗುತ್ತದೆ. ಸೇರುವ ಮೊದಲು ಕರಾರಿನ ಪ್ರತಿ ಕೇಳಿ ಪಡೆಯಬೇಕು. ಅದರಲ್ಲಿ ವೃತ್ತಿಯ ಹೆಸರು, ಅವಧಿ, ಸ್ಟೈಪೆಂಡ್ ಈ ಮೂರೂ ಸ್ಪಷ್ಟವಾಗಿರಬೇಕು. ಕರಾರು ನೋಂದಣಿಯಾಗದೆ ಅಪ್ರೆಂಟಿಸ್ ಎಂದು ಕರೆದು ದುಡಿಸಿಕೊಂಡರೆ ಅದು ಕಡಿಮೆ ಕೂಲಿಯ ಹೆಲ್ಪರ್ ಕೆಲಸವಷ್ಟೆ.

ಮೂರನೆಯದು ಅಲ್ಪಾವಧಿಯ ತರಬೇತಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಕ್ಷೇತ್ರ ಮತ್ತು ಎರಡು ಬ್ಯಾಂಕುಗಳು ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಕ ಯುವತಿಯರಿಗೆ ಊಟ ವಸತಿಯೊಡನೆ ಉಚಿತ ತರಬೇತಿ ಕೊಡುವ ಮಾದರಿ ಹಾಕಿಕೊಟ್ಟಿತು. ಅದನ್ನೇ ಅನುಸರಿಸಿ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಹುಟ್ಟಿದವು. ಗ್ರಾಮೀಣ ವಸತಿ ಯೋಜನೆಯಡಿ ರೂಪಿಸಿದ ಗಾರೆ ತರಬೇತಿಯ ಅವಧಿ 45 ದಿನ. ಕಲಿಯುವವರು ನಿಜವಾದ ಮನೆಯನ್ನೇ ಕಟ್ಟುತ್ತಾ ಕಲಿಯುವುದು ಅದರ ವಿಶೇಷ.

ನಾಲ್ಕನೆಯದು ಈಗಾಗಲೇ ಕೆಲಸ ಬಲ್ಲವರಿಗೆ. ಹದಿನೈದು ವರ್ಷ ಗೋಡೆ ಕಟ್ಟಿದವನನ್ನು ಮತ್ತೆ ಬೆಂಚಿನ ಮೇಲೆ ಕೂರಿಸುವುದು ಅವಮಾನ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ಯೋಜನೆಯಲ್ಲಿ ಇಂಥವರ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಮಾಡಲಾಯಿತು. ವಿದೇಶದಲ್ಲಿ ಕೆಲಸ ಹುಡುಕುವವರಿಗೂ ದೊಡ್ಡ ಕಂಪೆನಿಗಳಲ್ಲಿ ಕೇಳುವವರಿಗೂ ಈ ಕಾಗದ ಉಪಯೋಗಕ್ಕೆ ಬರುತ್ತದೆ.

ಈ ನಾಲ್ಕೂ ದಾರಿಗಳ ಬಾಯಲ್ಲಿ ಒಂದೇ ಕೊರತೆ: ಕೈಹಿಡಿದು ಕರೆದೊಯ್ಯುವವರು ಇಲ್ಲ. ಅರ್ಜಿ ತುಂಬಿಕೊಡುವವರು, ಮಾಲೀಕನೊಡನೆ ಮಾತಾಡುವವರು, ಮೊದಲ ತಿಂಗಳ ಬಸ್ ಚಾರ್ಜಿಗೆ ದಾರಿ ತೋರುವವರು, ಹುಡುಗಿ ಸೇರಬಯಸಿದರೆ ಮನೆಯವರಿಗೆ ಧೈರ್ಯ ಹೇಳುವವರು ಬೇಕು. ಹಳ್ಳಿಯ ಹೈಸ್ಕೂಲು, ಗ್ರಾಮ ಪಂಚಾಯಿತಿ, ಸ್ವಸಹಾಯ ಸಂಘ, ಕಾರ್ಮಿಕ ಸಂಘ ಇವುಗಳಲ್ಲಿ ಯಾರಾದರೂ ಈ ಕೆಲಸ ಮಾಡಬಹುದು. ಮೇಸ್ತ್ರಿಯ ಅಕ್ಕನ ಮಗನಿಗೆ ಮಾವ ಮಾಡುವ ಉಪಕಾರವನ್ನೇ ಮಾವನಿಲ್ಲದ ಹುಡುಗನಿಗೆ, ಹುಡುಗಿಗೆ ಯಾರಾದರೂ ಮಾಡಬೇಕಾಗಿದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಹಣ ಖರ್ಚು ಮಾಡುವವನ ಕಷ್ಟವನ್ನು ಹೇಳುತ್ತದೆ. ಮನೆಯನ್ನು ಕೈಯಾರೆ ಕಟ್ಟುವವರ ಬಗ್ಗೆ ಅಂಥ ಗಾದೆ ಇಲ್ಲ. ಅವರ ಹೆಸರನ್ನು ಇಂದು ಯಾರೂ ಗೋಡೆಯ ಮೇಲೆ ಕೆತ್ತುವುದಿಲ್ಲ. ಅವರ ಕೈಯ ವಿದ್ಯೆಗೆ ಒಂದು ಕಾಗದವಾದರೂ ಸಿಗಲಿ ಎಂದು ಆಶಿಸುವುದು ಹೆಚ್ಚಿನ ಆಸೆಯೇನಲ್ಲ.